ಹೊಟ್ಟೆಯ ಮಗುವಿನ ಮಿಸುಕಾಟ ಗಮನಿಸೋಕೆ ಆ್ಯಪ್ ಬೇಕಾ, ನೋಟ್‌ಬುಕ್ ಸಾಕಾ?

ಏಳನೇ ತಿಂಗಳಿಗೆ ಬಿದ್ದ ಕೂಡಲೇ ಡಾಕ್ಟರು ಒಂದು ಮಾತು ಹೇಳುತ್ತಾರೆ: "ಇನ್ನು ಮೇಲೆ ಮಗು ಮಿಸುಕಾಡೋದನ್ನ ದಿನಾ ಗಮನಿಸಮ್ಮ." ಹೊರಗೆ ಜನ ಕಾಯುತ್ತಿರುತ್ತಾರೆ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಹೇಗೆ ಗಮನಿಸಬೇಕು, ಎಷ್ಟು ಹೊತ್ತು, ಎಲ್ಲಿ ಬರೆದಿಡಬೇಕು ಅನ್ನೋ ಪ್ರಶ್ನೆಗಳೆಲ್ಲ ಮನೆಗೆ ಬಂದ ಮೇಲೆ ಹುಟ್ಟುತ್ತವೆ. ಫೋನ್ ತೆಗೆದು ಹುಡುಕಿದರೆ ಹತ್ತಾರು ಆ್ಯಪ್‌ಗಳು.

ಈಚೆಗೆ ಇಬ್ಬರು ಓದುಗರು ಇದನ್ನೇ ಕೇಳಿದರು. ಒಬ್ಬರು ಮೈಸೂರಿನ ವಿಜಯನಗರದವರು, ಕೆಲಸಕ್ಕೆ ಹೋಗುವವರು. ಮೂರು ಆ್ಯಪ್ ಹಾಕಿಕೊಂಡಿದ್ದಾರೆ, ಮೂರೂ ಮೂರು ಥರ ಹೇಳುತ್ತಿವೆ. ಇನ್ನೊಬ್ಬರು ಹೆರಿಗೆಗೆ ನಾಗಮಂಗಲದ ಹತ್ತಿರದ ತವರಿಗೆ ಹೊರಟಿದ್ದಾರೆ. ಅಲ್ಲಿ ತಾರಸಿ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಇಬ್ಬರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಮುಂದೆ ಓದುವ ಮೊದಲು ಒಂದು ಮಾತು. ಇವತ್ತು ಮಗು ಎಂದಿನಷ್ಟು ಮಿಸುಕಾಡುತ್ತಿಲ್ಲ ಅನ್ನಿಸಿ ಇಲ್ಲಿಗೆ ಬಂದಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ. ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ಆ್ಯಪ್ ಆರಿಸುವ ಕೆಲಸ ನಾಳೆ ಮಾಡಬಹುದು.

ಮೊದಲು ಮಗುವಿನ ರೂಢಿ ಗೊತ್ತಾಗಬೇಕು

ಮೊದಲ ಬಸುರಿನಲ್ಲಿ ಮಿಸುಕಾಟ ಗೊತ್ತಾಗೋದು ಸಾಮಾನ್ಯವಾಗಿ 18ರಿಂದ 20 ವಾರದ ಹೊತ್ತಿಗೆ. ಕೆಲವರಿಗೆ ಇನ್ನೂ ತಡ. ಎರಡನೇ ಸಲವಾದರೆ 16ನೇ ವಾರಕ್ಕೇ ತಿಳಿಯಬಹುದು. 24 ವಾರವಾದರೂ ಏನೂ ಗೊತ್ತಾಗದಿದ್ದರೆ ಡಾಕ್ಟರಿಗೆ ಹೇಳಬೇಕು. ಶುರುವಿನಲ್ಲಿ ಅದಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ. ಅದಕ್ಕೇ ಆಗ ಎಣಿಸಿ ಪ್ರಯೋಜನವಿಲ್ಲ, ಸುಮ್ನೆ ಗಾಬರಿ. 28ನೇ ವಾರದ ಹೊತ್ತಿಗೆ ಮಗುವಿಗೆ ತನ್ನದೇ ರೂಢಿ ಬಂದಿರುತ್ತದೆ. ಸಂಜೆ ಜಾಸ್ತಿ ಒದೆಯುವ ಮಕ್ಕಳಿರುತ್ತವೆ, ಅಮ್ಮ ಮಲಗಿದ ಕೂಡಲೇ ಶುರು ಮಾಡುವವೂ ಇರುತ್ತವೆ. ಆ ರೂಢಿಯನ್ನು ಗುರುತಿಸಿ ಇಟ್ಟುಕೊಳ್ಳುವುದೇ ಇಲ್ಲಿಯ ಕೆಲಸ. ಆ್ಯಪ್ ಇರಲಿ, ನೋಟ್‌ಬುಕ್ ಇರಲಿ, ಅದಕ್ಕೊಂದು ಸಾಧನ ಅಷ್ಟೇ.

ಮಗು ಹೊಟ್ಟೆಯಲ್ಲೂ ನಿದ್ದೆ ಮಾಡುತ್ತದೆ. ಒಂದೊಂದು ನಿದ್ದೆ 20ರಿಂದ 40 ನಿಮಿಷ. 90 ನಿಮಿಷ ದಾಟುವುದು ಅಪರೂಪ. ಹಾಗಾಗಿ ಅರ್ಧ ಗಂಟೆ ಸುಮ್ಮನಿದ್ದರೆ ಹೆದರಬೇಕಾಗಿಲ್ಲ. ಆದರೆ "ಬೆಳಗ್ಗೆಯಿಂದ ನಿದ್ದೆ ಮಾಡ್ತಿರಬೇಕು ಬಿಡಮ್ಮ" ಅನ್ನೋ ಸಮಾಧಾನವನ್ನು ಮಾತ್ರ ಒಪ್ಪಿಕೊಳ್ಳಬೇಡಿ, ಯಾರೇ ಹೇಳಲಿ.

ನಮ್ಮ ಕಡೆ ಮನೆಮನೆಯಲ್ಲೂ ಕೇಳುವ ಇನ್ನೊಂದು ಮಾತಿದೆ. "ಒಂಬತ್ತು ತುಂಬಿತಲ್ಲ, ಜಾಗ ಸಾಲದೆ ಮಗು ಸುಮ್ಮನಾಗಿದೆ." ಇದು ತಪ್ಪು. ಸುಮಾರು 32 ವಾರದ ತನಕ ಮಿಸುಕಾಟ ಹೆಚ್ಚುತ್ತಾ ಹೋಗುತ್ತದೆ, ಆಮೇಲೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒದೆತ ಹೋಗಿ ಹೊರಳಾಟ, ತಳ್ಳಾಟ ಆಗಬಹುದು, ಆದರೆ ಕಡಿಮೆ ಆಗಬಾರದು. ನೋವು ಶುರುವಾಗುವ ತನಕ, ನೋವಿನ ಮಧ್ಯೆಯೂ ಮಗು ಮಿಸುಕಾಡುತ್ತಲೇ ಇರಬೇಕು. ಅತ್ತೆ, ಅಮ್ಮ, ಅಜ್ಜಿ ಯಾರೂ ಕೆಟ್ಟದ್ದಕ್ಕೆ ಹೇಳುವುದಿಲ್ಲ. ಆದರೆ ಆಸ್ಪತ್ರೆಗೆ ಹೋಗುವುದು ತಡವಾಗುವುದು ಇಂಥ ಮಾತಿನಿಂದಲೇ. ಈ ಒಂದು ಪ್ಯಾರಾ ಮಾತ್ರ ಮನೆಯವರಿಗೂ ಓದಿ ಹೇಳಿ.

ಯಾವುದನ್ನು ನೋಡಿ ಆರಿಸಬೇಕು

ಚಂದದ ಬಣ್ಣ, ವಾರವಾರ ಮಗು ಯಾವ ಹಣ್ಣಿನ ಗಾತ್ರ ಅನ್ನೋ ಚಿತ್ರ, ಇವು ಖುಷಿಗೆ. ನಾನು ಮೊದಲು ನೋಡೋದು ಒಂದೇ: ಇವತ್ತಿನದನ್ನು ಹೋದ ವಾರದ ಜೊತೆ ಹೋಲಿಸಿ ಒಂದೇ ನೋಟಕ್ಕೆ ತೋರಿಸುತ್ತದಾ? ಆಮೇಲೆ, "ಹತ್ತು ಆಯಿತು, ಎಲ್ಲ ಸರಿ" ಅಂತ ಸುಳ್ಳು ಧೈರ್ಯ ಕೊಡುತ್ತದಾ, ಇಲ್ಲ ಯಾವಾಗ ಫೋನ್ ಮಾಡಬೇಕು ಅಂತ ಸ್ಪಷ್ಟವಾಗಿ ಹೇಳುತ್ತದಾ? ಮೂರನೆಯದು ನಿಮ್ಮ ಮನೆಯ ಸ್ಥಿತಿ. ಫೋನ್ ನಿಮ್ಮ ಕೈಯಲ್ಲೇ ಇರುತ್ತದಾ, ಇಲ್ಲ ಗಂಡ ಕೆಲಸಕ್ಕೆ ಹೋಗುವಾಗ ತೆಗೆದುಕೊಂಡು ಹೋಗುತ್ತಾರಾ? ನೆಟ್‌ವರ್ಕ್ ಹೇಗೆ? ಇಂಗ್ಲಿಷ್ ಸಲೀಸಾ? ಇನ್ನು ಮನಸ್ಸಿನ ವಿಷಯವಿದೆ. ಎಣಿಸಿದರೆ ಕೆಲವರಿಗೆ ನೆಮ್ಮದಿ, ಕೆಲವರಿಗೆ ಎದೆ ಢವಢವ. ಕೊನೆಯದಾಗಿ, ನಿಮ್ಮ ಮಾಹಿತಿ ಯಾರ ಕೈ ಸೇರುತ್ತದೆ ಅನ್ನೋದು.

ಇನ್ನೊಂದು ವಿಷಯ ಮುಚ್ಚಿಡದೆ ಹೇಳಬೇಕು. ಯಾವ ಆ್ಯಪ್ ಕೂಡ, ಅದನ್ನು ಬಳಸಿದ್ದರಿಂದಲೇ ಮಕ್ಕಳು ಉಳಿದವು ಅಂತ ದೊಡ್ಡ ಅಧ್ಯಯನದಲ್ಲಿ ಸಾಬೀತು ಮಾಡಿಲ್ಲ. ದಿನಾ ಎಣಿಸೋದರಿಂದ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು ಕಡಿಮೆಯಾಗುತ್ತದಾ ಅಂತ 68 ಸಾವಿರ ಗರ್ಭಿಣಿಯರನ್ನು ಸೇರಿಸಿ ಮಾಡಿದ ಅಧ್ಯಯನ 1989ರಲ್ಲೇ ಬಂತು. ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ, ಮಿಸುಕಾಟ ಕಡಿಮೆಯಾದರೆ ಕೂಡಲೇ ಹೇಳಿ ಅಂತ ತಾಯಂದಿರಿಗೆ ತಿಳಿವಳಿಕೆ ಕೊಟ್ಟು ನೋಡಿದ, ಬ್ರಿಟನ್ ಮತ್ತು ಐರ್ಲೆಂಡಿನ 4 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನ ಬಂತು. ಅಲ್ಲೂ ಸಾವು ಕಡಿಮೆಯಾಯಿತು ಅಂತ ಖಚಿತವಾಗಿ ಹೇಳಲು ಆಗಲಿಲ್ಲ, ಆದರೆ ಸಿಸೇರಿಯನ್ ಮತ್ತು ಔಷಧಿ ಕೊಟ್ಟು ನೋವು ಬರಿಸೋದು ಹೆಚ್ಚಾಯಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಫೋನ್ ಮೂಲಕವೇ ತಾಯಂದಿರಿಗೆ ತಿಳಿವಳಿಕೆ ಕೊಟ್ಟು ನೋಡಿದರು. ಅಲ್ಲೂ ದೊಡ್ಡ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ಗಮನಿಸೋದೇ ಬೇಡವಾ? ಬೇಕು. ಮಗುವನ್ನು ಕಳೆದುಕೊಂಡ ಎಷ್ಟೋ ತಾಯಂದಿರು ಅದಕ್ಕೆ ಮೊದಲೇ ಮಿಸುಕಾಟ ಕಡಿಮೆಯಾಗಿದ್ದನ್ನು ಗಮನಿಸಿದ್ದರು. ಮಗುವಿಗೆ ಆಮ್ಲಜನಕ ಸಾಲದಾದಾಗ ಅದು ಶಕ್ತಿ ಉಳಿಸಿಕೊಳ್ಳಲು ಅಲುಗಾಟ ಕಡಿಮೆ ಮಾಡುತ್ತದೆ. ಅದನ್ನು ತಾಯಿಯ ಹೊರತು ಯಾರೂ ತಿಳಿಯಲಾರರು. ಮಗುವನ್ನು ಆ್ಯಪ್ ಕಾಪಾಡುವುದಿಲ್ಲ. ನೀವು ವ್ಯತ್ಯಾಸ ಗುರುತಿಸಿ ಅದೇ ದಿನ ಹೊರಡುತ್ತೀರಲ್ಲ, ಕಾಪಾಡುವ ಸಾಧ್ಯತೆ ಇರುವುದು ಅಲ್ಲಿ. ಆದ್ದರಿಂದ ಯಾವ ಸಾಧನ ನಿಮ್ಮನ್ನು ಬೇಗ ಹೊರಡಿಸುತ್ತದೋ ಅದು ಒಳ್ಳೆಯದು. ಕಾಯಿಸುವಂಥದ್ದು ಬೇಡ.

ಎಣಿಸಲೆಂದೇ ಇರುವ ಆ್ಯಪ್

ಇದರಲ್ಲಿ ಹೆಸರುವಾಸಿಯಾದದ್ದು 'ಕೌಂಟ್ ದ ಕಿಕ್ಸ್'. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೆಣ್ಣುಮಕ್ಕಳನ್ನು ಕಳೆದುಕೊಂಡ ಐವರು ತಾಯಂದಿರು ಶುರು ಮಾಡಿದ್ದು. ಉಚಿತ, ಆ್ಯಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಸಿಗುತ್ತದೆ. 28ನೇ ವಾರದಿಂದ ದಿನಾ ಒಂದೇ ಹೊತ್ತಿಗೆ, ಮಗು ಚುರುಕಾಗಿರೋ ಹೊತ್ತು ನೋಡಿ ಎಣಿಸಬೇಕು. ಅವಳಿ ಮಕ್ಕಳು ಅಥವಾ ಅಪಾಯ ಜಾಸ್ತಿ ಇರುವ ಬಸುರಾದರೆ 26ನೇ ವಾರದಿಂದ. ಪ್ರತಿ ಮಿಸುಕಾಟಕ್ಕೂ ಪರದೆ ಮುಟ್ಟಬೇಕು. ಹತ್ತು ಆದಾಗ ಎಷ್ಟು ನಿಮಿಷ ಹಿಡಿಯಿತು ಅಂತ ಬರೆದುಕೊಳ್ಳುತ್ತದೆ, ಮಿಸುಕಾಟ ಎಷ್ಟು ಜೋರಾಗಿತ್ತು ಅಂತಲೂ ಕೇಳುತ್ತದೆ. ಒದೆತ, ಹೊರಳಾಟ, ತಳ್ಳಾಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಿಕ್ಕಳಿಕೆ ಲೆಕ್ಕಕ್ಕಿಲ್ಲ.

ಇದರ ದೊಡ್ಡ ಗುಣ ಅಂದರೆ ಅದು ನಿಮ್ಮ ಮಗುವಿನ ಸಮಯವನ್ನು ನಿಮ್ಮ ಮಗುವಿನ ಹಿಂದಿನ ಸಮಯದ ಪಕ್ಕದಲ್ಲೇ ಇಡುತ್ತದೆ. ಯಾಕೆ ಮುಖ್ಯ ಅಂದರೆ, ಬಹಳ ಕಡೆ ಹೇಳುವ ನಿಯಮ "ಎರಡು ಗಂಟೆಯೊಳಗೆ ಹತ್ತು". ಈಗ ನಿಮ್ಮ ಮಗುವಿಗೆ ದಿನಾ 15 ನಿಮಿಷಕ್ಕೆ ಹತ್ತು ಆಗುತ್ತಿದೆ ಅಂದುಕೊಳ್ಳಿ. ಇವತ್ತು 70 ನಿಮಿಷ ಹಿಡಿಯಿತು. ನಿಯಮದ ಪ್ರಕಾರ ಪಾಸು. ಆದರೆ ನಿಮ್ಮ ಮಗುವಿನ ಪ್ರಕಾರ ಇದು ದೊಡ್ಡ ಬದಲಾವಣೆ, ಫೋನ್ ಮಾಡಬೇಕಾದ ವಿಷಯ. ಬರೀ ಅಂಕಿ ನೋಡಿದವರು ಸುಮ್ಮನಾಗುತ್ತಾರೆ. ರೂಢಿ ನೋಡಿದವರು ಹೊರಡುತ್ತಾರೆ. ಹತ್ತು ಆದರೂ ಮಿಸುಕಾಟದ ಕಸುವು ಕುಂದಿದೆ ಅನ್ನಿಸಿದರೆ ಅದೂ ಹೇಳಬೇಕಾದ ವಿಷಯವೇ.

ಕೊರತೆ ಏನು? ದಿನಾ ಕೂತು ಮಾಡಬೇಕು. ಮನೆಯಲ್ಲಿ ಎರಡು ವರ್ಷದ ಮಗು ಓಡಾಡುತ್ತಿದ್ದರೆ ಇದು ಹೇಳಿದಷ್ಟು ಸುಲಭವಲ್ಲ. ಹಳ್ಳಿಗೆ ಹೋಗುವವರು ಊರು ಬಿಡುವ ಮೊದಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಆ್ಯಪ್ ಹಾಕಿಕೊಂಡ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ಸಲ ಎಣಿಸಿ, ಹಳೆಯ ದಾಖಲೆ ತೆರೆಯುತ್ತದಾ ನೋಡಿ. ಯಾವ ಆ್ಯಪ್ ಆದರೂ ಇದೇ ಪರೀಕ್ಷೆ. ತೆರೆಯದಿದ್ದರೆ ತವರಿನಲ್ಲಿ ಅದು ನಿಮಗೆ ಆಗಿಬರುವುದಿಲ್ಲ.

ಎಲ್ಲ ಒಂದರಲ್ಲೇ ಇರುವ ಆ್ಯಪ್‌ಗಳು

'ಪ್ರೆಗ್ನೆನ್ಸಿ ಪ್ಲಸ್', 'ಬೇಬಿಸೆಂಟರ್' ಥರದವು. ವಾರದ ಮಾಹಿತಿ, ತೂಕ, ಚೆಕಪ್ ದಿನಾಂಕ, ನೋವಿನ ಲೆಕ್ಕ ಎಲ್ಲದರ ಜೊತೆ ಒದೆತ ಎಣಿಸುವ ಪುಟವೂ ಇರುತ್ತದೆ. ಈಗಾಗಲೇ ಬಳಸುತ್ತಿದ್ದರೆ ಬೇರೆ ಹಾಕಿಕೊಳ್ಳಬೇಕಾಗಿಲ್ಲ, ಇದು ಲಾಭ. ಆದರೆ ಎಣಿಕೆಯ ಪುಟ ನಾಲ್ಕು ಮೆನು ಒಳಗೆ ಅವಿತಿದ್ದರೆ ಒಂದು ವಾರದಲ್ಲಿ ಮರೆತೇ ಹೋಗುತ್ತದೆ. ಹಳೆಯ ದಿನಗಳನ್ನು ಒಟ್ಟಿಗೆ ತೋರಿಸುತ್ತದಾ ಅಂತ ಮೊದಲು ನೋಡಿ. ಬರೀ ಸಂಖ್ಯೆ ತೋರಿಸಿ ಸುಮ್ಮನಾಗುವುದಾದರೆ ನನ್ನ ಪ್ರಕಾರ ಸಾಲದು.

ಮಾಹಿತಿಯ ವಿಷಯ ಇಲ್ಲಿ ಜಾಸ್ತಿ ಮುಖ್ಯ. ಈ ಆ್ಯಪ್‌ಗಳು ಹೆರಿಗೆ ದಿನಾಂಕ, ಆರೋಗ್ಯದ ವಿವರ ಎಲ್ಲ ಕೇಳುತ್ತವೆ. ಮುಟ್ಟು ಮತ್ತು ಬಸುರಿನ ಲೆಕ್ಕದ 'ಫ್ಲೋ' ಆ್ಯಪ್, ಬಳಕೆದಾರರ ಆರೋಗ್ಯ ಮಾಹಿತಿಯನ್ನು ಬೇರೆ ಕಂಪನಿಗಳಿಗೆ ಕೊಟ್ಟಿತು ಅಂತ ಅಮೆರಿಕದ ವ್ಯಾಪಾರ ಆಯೋಗ ಆರೋಪ ಹೊರಿಸಿತ್ತು. 2021ರಲ್ಲಿ ಅದು ಒಪ್ಪಂದದಲ್ಲಿ ಮುಗಿಯಿತು. ಯಾವ ಆ್ಯಪ್ ಆದರೂ ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಬೇಡಿ. ಒದೆತ ಎಣಿಸೋಕೆ ನಿಮ್ಮ ಕಾಂಟ್ಯಾಕ್ಟ್ಸ್, ಲೊಕೇಶನ್ ಏನೂ ಬೇಕಾಗಿಲ್ಲ. ದುಡ್ಡು ಕೊಟ್ಟರೆ ಮಾತ್ರ ತೆರೆಯುವ ಸೌಲಭ್ಯಗಳೂ ಮಿಸುಕಾಟ ಗಮನಿಸೋಕೆ ಬೇಕಾಗಿಲ್ಲ.

ನೋಟ್‌ಬುಕ್, ಕ್ಯಾಲೆಂಡರ್

ಇದನ್ನು ಹಳೆಯದು ಅಂತ ಬದಿಗೆ ತಳ್ಳಬೇಡಿ. ನಾಗಮಂಗಲಕ್ಕೆ ಹೊರಟಿರುವ ಓದುಗರಿಗೆ ನಾನು ಹೇಳಿದ್ದು ಇದನ್ನೇ. ತಾಯಿ ಕಾರ್ಡ್ ಜೊತೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಶುರು ಮಾಡಿದ ಹೊತ್ತು, ಹತ್ತನೆಯದು ಆದ ಹೊತ್ತು, ಜೋರಾಗಿತ್ತಾ ಮೆಲ್ಲಗಿತ್ತಾ. ನಾಲ್ಕೇ ಕಾಲಂ. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ, ಬರೆಯೋದು ಕನ್ನಡದಲ್ಲಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೋರಿಸಬಹುದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ನಡೆಯುವ ತಪಾಸಣೆಗೆ ಹೋದಾಗ ಡಾಕ್ಟರ ಮುಂದೆ ತೆರೆದಿಡಬಹುದು. ಖರ್ಚು ಹತ್ತಿಪ್ಪತ್ತು ರೂಪಾಯಿ.

ಕಷ್ಟ ಅಂದರೆ, ನೆನಪಿಸುವವರು ಯಾರೂ ಇಲ್ಲ. ಊಟವಾಗಿ ಎಡಮಗ್ಗುಲಾಗಿ ಮಲಗೋ ಹೊತ್ತನ್ನೇ ಇದಕ್ಕೆ ಗೊತ್ತು ಮಾಡಿಕೊಂಡರೆ ತಪ್ಪುವುದಿಲ್ಲ. ಬೇಕಾದರೆ ಫೋನಿನಲ್ಲಿ ಒಂದು ಅಲಾರಂ ಇಡಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಡಾಕ್ಟರು ಹೇಳೋದೂ ಆ್ಯಪ್ ಹೇಳೋದೂ ಬೇರೆಬೇರೆ ಯಾಕೆ ಅಂತ ವಿಜಯನಗರದ ಓದುಗರು ಕೇಳಿದ್ದರು. ಹಳೆಯ ಕಾರ್ಡಿಫ್ ವಿಧಾನ 1976ರದು, ಅದರಲ್ಲಿ 12 ಗಂಟೆಯೊಳಗೆ ಹತ್ತು. ನಮ್ಮಲ್ಲಿ ಅನೇಕ ಡಾಕ್ಟರು ಹೇಳೋದು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಗಂಟೆ ಎಣಿಸಿ, ಪ್ರತಿ ಗಂಟೆಗೆ ಮೂರಾದರೂ ಇರಬೇಕು ಅಂತ. ಆ್ಯಪ್‌ಗಳು ಹೆಚ್ಚಾಗಿ ಎರಡು ಗಂಟೆಯೊಳಗೆ ಹತ್ತು ಅನ್ನುತ್ತವೆ. ಎಲ್ಲರಿಗೂ ಸರಿಹೊಂದುವ ಒಂದು ಅಂಕಿ ಇಲ್ಲದ್ದರಿಂದಲೇ ಇಷ್ಟು ವಿಧಾನಗಳಿವೆ. ನಿಮ್ಮನ್ನು ನೋಡುತ್ತಿರುವ ಡಾಕ್ಟರು ಹೇಳಿದ ವಿಧಾನವನ್ನೇ ಹಿಡಿಯಿರಿ, ಮಧ್ಯೆ ಬದಲಿಸಬೇಡಿ. ಒಂದು ಎಚ್ಚರಿಕೆ ಮಾತ್ರ: 12 ಗಂಟೆಯ ಲೆಕ್ಕ ಹಿಡಿದು ಸಂಜೆವರೆಗೆ ಕಾಯಬೇಡಿ. ಮಧ್ಯಾಹ್ನಕ್ಕೇ ಅನುಮಾನ ಬಂದರೆ ಮಧ್ಯಾಹ್ನವೇ ಹೇಳಿ.

ಎಣಿಸದೆ ಗಮನಿಸೋದು

ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಬೇರೆ ದಾರಿ ಹಿಡಿದರು. ಅದರ ಹೆಸರು ಮೈಂಡ್‌ಫೀಟಲ್‌ನೆಸ್. 28ನೇ ವಾರದಿಂದ ದಿನಾ 15 ನಿಮಿಷ, ಮಗು ಎಚ್ಚರವಿದ್ದಾಗ, ಎಡಮಗ್ಗುಲಾಗಿ ಮಲಗಿ ಬರೀ ಗಮನಿಸೋದು. ಎಷ್ಟು ಜೋರು, ಯಾವ ಬಗೆ, ಎಷ್ಟು ಸಲ ಅನ್ನೋದು ಮನಸ್ಸಿಗೆ ಬಂದರೆ ಸಾಕು, ಲೆಕ್ಕ ಬೇಡ. ಸುಮಾರು 40 ಸಾವಿರ ಗರ್ಭಿಣಿಯರ ಅಧ್ಯಯನದಲ್ಲಿ ಹುಟ್ಟಿದ ಮಕ್ಕಳ ಸ್ಥಿತಿಯನ್ನು ಅಳೆಯುವ ಅಪ್ಗಾರ್ ಅಂಕದಲ್ಲಿ ವ್ಯತ್ಯಾಸ ಬರಲಿಲ್ಲ. ಆದರೆ ಸಿಸೇರಿಯನ್ ಸ್ವಲ್ಪ ಕಡಿಮೆಯಾಗಿತ್ತು.

ಅಂಕಿ ನೋಡಿದರೆ ಗಾಬರಿಯಾಗುವವರಿಗೆ, ದಿನಕ್ಕೆ ನಾಲ್ಕು ಸಲ ಆ್ಯಪ್ ತೆರೆದು ಎಣಿಸುತ್ತಿರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬ್ರಿಟನ್ನಿನ ಸ್ತ್ರೀರೋಗ ತಜ್ಞರ ಸಂಸ್ಥೆಯ ಮಾರ್ಗಸೂಚಿಯೂ ದಿನಾ ಎಣಿಸಲೇಬೇಕು ಅನ್ನುವುದಿಲ್ಲ, ರೂಢಿ ತಿಳಿದಿರಬೇಕು ಅನ್ನುತ್ತದೆ. ಇದರ ತೊಂದರೆ ಒಂದೇ. ಡಾಕ್ಟರ ಮುಂದೆ ಇಡಲು ಬರೆದದ್ದು ಏನೂ ಇರುವುದಿಲ್ಲ. "ಇವತ್ತು ಬೇರೆ ಥರ ಇದೆ" ಅಂತ ಗಟ್ಟಿಯಾಗಿ ಹೇಳಬಲ್ಲವರಿಗೆ ಇದು ಸರಿ. ಆಸ್ಪತ್ರೆಯಲ್ಲಿ ಮಾತಾಡಲು ಸಂಕೋಚಪಡುವವರಿಗೆ ಕೈಯಲ್ಲಿ ನೋಟ್‌ಬುಕ್ ಇದ್ದರೆ ಬಲ.

ಇದು ಬೇಡ

ಮನೆಯಲ್ಲೇ ಎದೆಬಡಿತ ಕೇಳುವ ಡಾಪ್ಲರ್ ಮೆಷಿನ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಕೊಳ್ಳಬೇಡಿ. ತಾಯಿಯ ರಕ್ತನಾಳದ ಸದ್ದೋ ಮಾಸಿನ ಸದ್ದೋ ಕೇಳಿ ಮಗುವಿನದೇ ಅಂದುಕೊಳ್ಳುವುದು ಸುಲಭ. ಮಗುವಿನದೇ ಬಡಿತ ಕೇಳಿಸಿದರೂ ಅದು ಆರೋಗ್ಯವಾಗಿದೆ ಅಂತ ಅರ್ಥವಲ್ಲ. ಸದ್ದು ಕೇಳಿ ಸಮಾಧಾನವಾಗಿ ಮನೆಯಲ್ಲೇ ಉಳಿದುಬಿಡುವ ಅಪಾಯ ಇದೆ. ಫೋನಿನ ಮೈಕಿನಲ್ಲೇ ಎದೆಬಡಿತ ಕೇಳಿಸುತ್ತೇವೆ ಅನ್ನೋ ಆ್ಯಪ್‌ಗಳನ್ನೂ ನಂಬಬೇಡಿ.

ಯಾರಿಗೆ ಯಾವುದು

ಕೆಲಸಕ್ಕೆ ಹೋಗುವವರಿಗೆ, ಫೋನ್ ಸದಾ ಕೈಯಲ್ಲಿರುವವರಿಗೆ ಎಣಿಸಲೆಂದೇ ಇರುವ ಆ್ಯಪ್ ಒಳ್ಳೆಯದು. ಓಡಾಟದಲ್ಲಿ ಮಿಸುಕಾಟ ಗೊತ್ತಾಗೋದೇ ಇಲ್ಲ, ಆದ್ದರಿಂದ ರಾತ್ರಿ ಊಟದ ನಂತರದ ಹೊತ್ತು ಗೊತ್ತು ಮಾಡಿಕೊಳ್ಳಿ. ಮೂರು ಆ್ಯಪ್ ಇದ್ದರೆ ಎರಡನ್ನು ಇವತ್ತೇ ತೆಗೆಯಿರಿ.

ಫೋನ್ ಹಂಚಿಕೊಳ್ಳುವ ಮನೆ, ನೆಟ್‌ವರ್ಕ್ ಇಲ್ಲದ ಊರು ಅಂದರೆ ನೋಟ್‌ಬುಕ್. ಮೈಸೂರಿನಲ್ಲಿ ಆ್ಯಪ್ ಬಳಸಿ ಆಮೇಲೆ ತವರಿಗೆ ಹೋಗುವವರು ಹೊರಡುವ ಮೊದಲು ಹಳೆಯ ಎರಡು ವಾರದ ಸಮಯಗಳನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಇಲ್ಲದಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ.

ಬಿಪಿ, ಸಕ್ಕರೆ ಇರುವವರು, ಮಗುವಿನ ಬೆಳವಣಿಗೆ ಕಡಿಮೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದವರು, ಹಿಂದೆ ಒಂದು ಮಗುವನ್ನು ಕಳೆದುಕೊಂಡವರು ತಾವೇ ಆರಿಸುವ ಮೊದಲು ಡಾಕ್ಟರನ್ನು ಕೇಳಿ. ನಿಮಗೆ ಬರೆದ ದಾಖಲೆ ಬೇಕೇ ಬೇಕು. ಸ್ಕ್ಯಾನ್ ರಿಪೋರ್ಟಿನಲ್ಲಿ 'ಆಂಟೀರಿಯರ್ ಪ್ಲಸೆಂಟಾ' ಅಂತ ಇದ್ದರೆ ಮಾಸು ಹೊಟ್ಟೆಯ ಮುಂಭಾಗಕ್ಕಿದೆ ಅಂತ ಅರ್ಥ. 28 ವಾರಕ್ಕೆ ಮೊದಲು ಒದೆತ ಮಂದವಾಗಿ ಗೊತ್ತಾಗಬಹುದು. ಅಕ್ಕನಿಗೋ ಗೆಳತಿಗೋ ಹೋಲಿಸಬೇಡಿ, ನಿನ್ನೆಯ ನಿಮಗೆ ಹೋಲಿಸಿ. ಆದರೆ 28 ವಾರದ ಮೇಲೆ ಕಡಿಮೆಯಾದದ್ದಕ್ಕೆ ಮಾಸು ಮುಂದಿರೋದೇ ಕಾರಣ ಅಂತ ನೀವೇ ತೀರ್ಮಾನಿಸಬೇಡಿ.

ಕಡಿಮೆ ಅನ್ನಿಸಿದ ದಿನ

28 ವಾರ ದಾಟಿದ್ದು, ಕಡಿಮೆಯಾಗಿದೆಯೋ ಇಲ್ಲವೋ ಅಂತ ಅನುಮಾನ ಮಾತ್ರ ಇದ್ದರೆ ಎಡಮಗ್ಗುಲಾಗಿ ಮಲಗಿ ಎರಡು ಗಂಟೆ ಬೇರೇನೂ ಮಾಡದೆ ಗಮನಿಸಿ. ಹತ್ತು ಆಗದಿದ್ದರೆ ಕೂಡಲೇ ಹೊರಡಿ. ಕಡಿಮೆಯಾಗಿದೆ ಅಂತ ಖಚಿತವಿದ್ದರೆ, ಇಲ್ಲವೇ ಮಿಸುಕಾಟವೇ ಇಲ್ಲದಿದ್ದರೆ ಆ ಎರಡು ಗಂಟೆಯೂ ಬೇಡ. ತಣ್ಣೀರು ಕುಡಿ, ಸಕ್ಕರೆ ತಿನ್ನು ಅನ್ನುತ್ತಾರೆ. ಅದನ್ನು ಮಾಡುತ್ತಾ ಹೊತ್ತು ಕಳೆಯಬೇಡಿ.

ಎಲ್ಲಿಗೆ ಹೋಗಬೇಕು, ಯಾವ ಗಾಡಿಯಲ್ಲಿ ಅನ್ನೋದು 28ನೇ ವಾರಕ್ಕೇ ತೀರ್ಮಾನವಾಗಿರಲಿ. ಮೈಸೂರಿನಲ್ಲಿ ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್, ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಇಲ್ಲ ನೀವು ತೋರಿಸುತ್ತಿರುವ ಖಾಸಗಿ ಆಸ್ಪತ್ರೆ. ರಾತ್ರಿ ಹೆರಿಗೆ ವಾರ್ಡಿಗೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಗಾಡಿ ಇಲ್ಲದಿದ್ದರೆ 108, ಅದು ಉಚಿತ. ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್, ನೋಟ್‌ಬುಕ್ ಒಂದೇ ಚೀಲದಲ್ಲಿರಲಿ.

ಅಲ್ಲಿ ಹೋಗಿ "ಸ್ವಲ್ಪ ಸುಸ್ತು" ಅಂತ ಸುತ್ತಿ ಬಳಸಿ ಹೇಳಬೇಡಿ. ಮೊದಲ ವಾಕ್ಯದಲ್ಲೇ ಹೇಳಿ: "ನನಗೆ ಇಷ್ಟು ವಾರ. ಮಗು ಇಂಥ ಹೊತ್ತಿನಿಂದ ಎಂದಿನ ಹಾಗೆ ಮಿಸುಕಾಡ್ತಿಲ್ಲ." ಹೊಟ್ಟೆಗೆ ಬೆಲ್ಟ್ ಕಟ್ಟಿ ಸುಮಾರು 20 ನಿಮಿಷ ಎದೆಬಡಿತ ದಾಖಲಿಸುತ್ತಾರೆ, ಅದೇ ಎನ್‌ಎಸ್‌ಟಿ. ಬೇಕಾದರೆ ಸ್ಕ್ಯಾನ್ ಮಾಡುತ್ತಾರೆ. ಒಂದು ಸಲ ಹೀಗೆ ಬಂದವರಲ್ಲಿ 100ಕ್ಕೆ ಸುಮಾರು 70 ಮಂದಿಗೆ ಮುಂದೆ ಏನೂ ತೊಂದರೆ ಆಗುವುದಿಲ್ಲ. ಹಾಗಾಗಿ "ಸುಮ್ನೆ ಬಂದ್ವೇನೋ" ಅಂತ ನಾಚಿಕೊಳ್ಳಬೇಕಾಗಿಲ್ಲ. ಎಲ್ಲ ಸರಿಯಿದೆ ಅಂತ ಕಳಿಸಿದ ಮೇಲೆ ಎರಡು ದಿನಕ್ಕೆ ಮತ್ತೆ ಕಡಿಮೆಯಾದರೆ ಮತ್ತೆ ಹೋಗಿ. ಎರಡನೇ ಸಲ ಬಂದಿದ್ದೇನೆ ಅಂತ ಬಾಯಿಬಿಟ್ಟು ಹೇಳಿ. ಪದೇ ಪದೇ ಕಡಿಮೆಯಾಗುವುದನ್ನು ಡಾಕ್ಟರು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು, ಅವರಿಗೆ ಅದು ಗೊತ್ತಾಗಬೇಕು.